ವಿದೇಶದಲ್ಲಿ ಮೊಬೈಲ್: ಮಾತಿಗೆ ಅಲ್ಲಿಯ ಡೇಟಾ, ಗುರುತಿಗೆ ಇಲ್ಲಿಯ ಸಂಖ್ಯೆ

ದಾವಣಗೆರೆ: ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ತಾಯಿ, ಹಜ್ ಯಾತ್ರೆಗೆ ಅಣಿಯಾಗುವ ಹಿರಿಯರು, ವೈದ್ಯಕೀಯ ಪದವಿಗಾಗಿ ದೂರದೇಶಕ್ಕೆ ತೆರಳುವ ವಿದ್ಯಾರ್ಥಿ, ಕಂಪನಿಯ ಕೆಲಸದ ಮೇಲೆ ಹದಿನೈದು ದಿನಗಳ ಮಟ್ಟಿಗೆ ಜರ್ಮನಿಗೆ ಹೋಗಿಬರುವ ಎಂಜಿನಿಯರ್. ದಾವಣಗೆರೆ ಮತ್ತು ಹರಿಹರದ ಮಧ್ಯಮ ವರ್ಗದ ಮನೆಗಳಲ್ಲಿ ಇಂದು ಇಂಥವರೊಬ್ಬರಾದರೂ ಇರುವುದು ವಿಶೇಷವೇನಲ್ಲ. ಸೂಟ್‌ಕೇಸಿನಲ್ಲಿ ಖಡಕ್ ರೊಟ್ಟಿ, ಚಟ್ನಿಪುಡಿ, ಮಂಡಕ್ಕಿ ಎಲ್ಲಕ್ಕೂ ಸ್ಥಳ ದೊರೆಯುತ್ತದೆ. ಮೊಬೈಲ್ ಬಗ್ಗೆ ಮಾತ್ರ ಯೋಚನೆ ಹುಟ್ಟುವುದು ವಿಮಾನ ಇಳಿದ ಮೇಲೆಯೇ.

ಈ ವಿಳಂಬಕ್ಕೆ ಎರಡು ಬಗೆಯ ದಂಡ ತೆರಬೇಕಾಗುತ್ತದೆ. ಒಂದು, ನಿರೀಕ್ಷಿಸದ ಬಿಲ್. ಇನ್ನೊಂದು, ಅದಕ್ಕಿಂತ ದೊಡ್ಡದು: ಹತ್ತಾರು ವರ್ಷಗಳಿಂದ ಬ್ಯಾಂಕ್, ಪಿಂಚಣಿ, ಆಧಾರ್ ಎಲ್ಲಕ್ಕೂ ಕೊಟ್ಟಿರುವ ಮೊಬೈಲ್ ಸಂಖ್ಯೆಯೇ ಕೈತಪ್ಪಿ ಹೋಗುವುದು. ಊರು ಬಿಡುವ ಮುನ್ನ ಒಂದು ಗಂಟೆ ವ್ಯಯಿಸಿದರೆ ಇವೆರಡನ್ನೂ ತಪ್ಪಿಸಬಹುದು.

ಒಳಬರುವ ಕರೆಗೂ ಹಣವೇಕೆ?

ಭಾರತದಲ್ಲಿ ಮೊಬೈಲ್ ಸೇವೆ ಆರಂಭವಾದುದು 1995ರ ಜುಲೈ 31ರಂದು. ಮೊದಲ ವರ್ಷಗಳಲ್ಲಿ ಕರೆ ಮಾಡಿದವರಷ್ಟೇ ಅಲ್ಲ, ಸ್ವೀಕರಿಸಿದವರೂ ಹಣ ತೆರಬೇಕಿತ್ತು. 2003ರ ಮೇ ತಿಂಗಳಿನಿಂದ ಒಳಬರುವ ಕರೆ ಉಚಿತವಾಯಿತು. ಹೊಸ ಪೀಳಿಗೆಗೆ ಆ ದಿನಗಳ ನೆನಪೇ ಇಲ್ಲ. ಆದರೆ ದೇಶದ ಗಡಿ ದಾಟಿದೊಡನೆ ಹಳೆಯ ನಿಯಮ ಮತ್ತೆ ಜೀವ ತಳೆಯುತ್ತದೆ.

ಕಾರಣ ಸರಳವಾಗಿದೆ. ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ಯಾರೋ ನಿಮ್ಮ ಹತ್ತು ಅಂಕಿಯ ಸಂಖ್ಯೆಗೆ ಕರೆ ಮಾಡುತ್ತಾರೆ. ನೀವು ದುಬೈಯಲ್ಲಿರುವುದು ಅವರಿಗೆ ತಿಳಿದಿರಬೇಕೆಂದಿಲ್ಲ. ಅವರಿಗೆ ತಗಲುವುದು ಇಲ್ಲಿಯ ದರ ಮಾತ್ರ. ಕರೆ ಮೊದಲು ನಿಮ್ಮ ಭಾರತೀಯ ಮೊಬೈಲ್ ಸಂಸ್ಥೆಯನ್ನು ತಲುಪಿ, ಅಲ್ಲಿಂದ ಅಂತರರಾಷ್ಟ್ರೀಯ ಮಾರ್ಗವಾಗಿ ದುಬೈಗೆ ಹೋಗುತ್ತದೆ. ಆ ಎರಡನೆಯ ಹಾದಿಯ ಖರ್ಚು ನಿಮ್ಮದು. ಅಲ್ಲಿಯ ಸಂಸ್ಥೆ ನಮ್ಮ ಸಂಸ್ಥೆಗೆ ಸಗಟು ದರದಲ್ಲಿ ಲೆಕ್ಕ ಕಳುಹಿಸುತ್ತದೆ, ನಮ್ಮ ಸಂಸ್ಥೆ ತನ್ನ ಪಾಲನ್ನೂ ಸೇರಿಸಿ ನಿಮ್ಮಿಂದ ವಸೂಲು ಮಾಡುತ್ತದೆ. ಇದಕ್ಕೇ ಅಂತರರಾಷ್ಟ್ರೀಯ ರೋಮಿಂಗ್ ಎಂದು ಹೆಸರು.

ಇದರ ವಿಚಿತ್ರ ಪರಿಣಾಮವೊಂದನ್ನು ಗಮನಿಸಿ. ಮೆಕ್ಕಾದಲ್ಲಿ ಜನಜಂಗುಳಿಯ ನಡುವೆ ಬೇರ್ಪಟ್ಟ ದಂಪತಿಯ ಬಳಿ ಭಾರತದ ಸಿಮ್‌ಗಳಷ್ಟೇ ಇವೆಯೆಂದುಕೊಳ್ಳಿ. ನೂರು ಗಜ ದೂರದಲ್ಲಿರುವ ಪತ್ನಿಗೆ ಪತಿ ಕರೆ ಮಾಡಿದರೆ, ಆ ಕರೆ ಸೌದಿಯಿಂದ ಭಾರತಕ್ಕೆ ಬಂದು ಮತ್ತೆ ಸೌದಿಗೆ ಮರಳುತ್ತದೆ. ಪತಿಗೆ ಹೊರಹೋಗುವ ಅಂತರರಾಷ್ಟ್ರೀಯ ಕರೆಯ ದರ, ಪತ್ನಿಗೆ ಒಳಬರುವ ರೋಮಿಂಗ್ ದರ. ಪ್ಯಾಕ್ ಇಲ್ಲದಿದ್ದರೆ ಇಬ್ಬರ ಹಣವೂ ಕರಗುತ್ತದೆ.

ಕಾಲ್ ಫಾರ್ವರ್ಡಿಂಗ್ ಇನ್ನೊಂದು ಬಲೆ. ನೀವು ಕರೆ ಎತ್ತದಿದ್ದರೆ ಅದು ಬೇರೊಂದು ಸಂಖ್ಯೆಗೆ ಹೋಗುವಂತೆ ಹೊಂದಿಸಿದ್ದರೆ, ವಿದೇಶ ತಲುಪಿದ ಕರೆ ಪುನಃ ಭಾರತಕ್ಕೆ ತಿರುಗುತ್ತದೆ. ನೀವು ಒಂದು ಮಾತೂ ಆಡದೆ ಎರಡು ಹಾದಿಯ ಹಣ ಕಟ್ಟಬೇಕಾಗಬಹುದು. ಹೊರಡುವ ಮುನ್ನ ಫಾರ್ವರ್ಡಿಂಗ್ ರದ್ದು ಮಾಡಿ. ಅದು ರದ್ದಾದರೆ, ಎತ್ತದ ಕರೆಗೆ ಸಾಮಾನ್ಯವಾಗಿ ಹಣವಿಲ್ಲ. ನಮ್ಮವರ ಹಳೆಯ ಮಿಸ್ಡ್ ಕಾಲ್ ವಿದ್ಯೆ ಅಲ್ಲಿಯೂ ನಡೆಯುತ್ತದೆ.

ದೊಡ್ಡ ಖರ್ಚು ಡೇಟಾದ್ದು

ಸ್ಮಾರ್ಟ್ ಫೋನ್ ಯುಗದಲ್ಲಿ ಬಿಲ್ ಏರಿಸುವುದು ಮಾತಲ್ಲ, ಡೇಟಾ. ಫೋನು ಜೇಬಿನಲ್ಲಿದ್ದಾಗಲೂ ಫೋಟೊಗಳನ್ನು ಬ್ಯಾಕಪ್ ಮಾಡುತ್ತಿರುತ್ತದೆ, ಆ್ಯಪ್‌ಗಳನ್ನು ನವೀಕರಿಸುತ್ತಿರುತ್ತದೆ, ವಾಟ್ಸ್‌ಆ್ಯಪ್ ಗುಂಪುಗಳ ವಿಡಿಯೊಗಳನ್ನು ಇಳಿಸಿಕೊಳ್ಳುತ್ತಿರುತ್ತದೆ. ಊರಿನಲ್ಲಿ ದಿನಕ್ಕೆ ಒಂದೂವರೆ ಜಿಬಿ, ಎರಡು ಜಿಬಿ ಬಳಸಿ ರೂಢಿಯಾದವರಿಗೆ ಇದು ಅರಿವಿಗೇ ಬರುವುದಿಲ್ಲ. ಪ್ಯಾಕ್ ಇಲ್ಲದ ರೋಮಿಂಗ್‌ನಲ್ಲಿ ಡೇಟಾಕ್ಕೆ ಎಂಬಿ ಲೆಕ್ಕದಲ್ಲಿ ಹಣ ಬೀಳುತ್ತದೆ. ಒಂದು ಜಿಬಿ ಎಂದರೆ ಸಾವಿರಕ್ಕೂ ಹೆಚ್ಚು ಎಂಬಿ ಎಂಬುದನ್ನು ನೆನಪಿಟ್ಟರೆ ಅಪಾಯ ಎಷ್ಟೆಂದು ತಿಳಿಯುತ್ತದೆ.

ಹೀಗಾಗಿ ವಿಮಾನ ಏರುವ ಮುನ್ನವೇ ಫೋನಿನ ಸೆಟ್ಟಿಂಗ್ಸ್‌ನಲ್ಲಿ 'ಡೇಟಾ ರೋಮಿಂಗ್' ಬಂದ್ ಮಾಡುವುದು ಮೊದಲ ಪಾಠ. ಕೆಲವು ವಿಮಾನಗಳಲ್ಲೂ ವಿಹಾರ ನೌಕೆಗಳಲ್ಲೂ ಉಪಗ್ರಹ ಆಧಾರಿತ ಮೊಬೈಲ್ ಸಂಪರ್ಕವಿರುತ್ತದೆ. ದೇಶದ ಹೆಸರಿನಲ್ಲಿ ಕೊಂಡ ಸಾಮಾನ್ಯ ಪ್ಯಾಕ್ ಅಲ್ಲಿಗೆ ಅನ್ವಯವಾಗುವುದಿಲ್ಲ. ಪ್ರಯಾಣ ಮುಗಿಯುವವರೆಗೆ ಏರ್‌ಪ್ಲೇನ್ ಮೋಡ್‌ನಲ್ಲಿ ಇಡುವುದೇ ಕ್ಷೇಮ.

ಮುಂದಿರುವ ಮೂರು ದಾರಿ

ಒಂದನೆಯದು, ಭಾರತೀಯ ಸಂಸ್ಥೆಯ ರೋಮಿಂಗ್ ಪ್ಯಾಕ್. ಜಿಯೊ, ಏರ್‌ಟೆಲ್, ವಿ ಸಂಸ್ಥೆಗಳು ದಿನ, ವಾರ, ತಿಂಗಳ ಲೆಕ್ಕದಲ್ಲಿ ಇವನ್ನು ಮಾರುತ್ತವೆ. ಸಿಮ್ ಬದಲಿಸುವ ಗೋಜಿಲ್ಲ, ಊರಿನವರಿಗೆ ಹೊಸ ಸಂಖ್ಯೆ ತಿಳಿಸಬೇಕಿಲ್ಲ. ಒಂದು ವಾರ, ಹತ್ತು ದಿನಗಳ ಪ್ರವಾಸಕ್ಕೆ ಇದು ಅನುಕೂಲ. ಖರೀದಿಸುವಾಗ ಮೂರು ಸಂಗತಿ ನೋಡಿ: ನೀವು ಹೋಗುವ ದೇಶ ಪಟ್ಟಿಯಲ್ಲಿದೆಯೇ, ನಡುವೆ ವಿಮಾನ ಬದಲಿಸುವ ದೇಶ ಇದೆಯೇ, ಅವಧಿ ಎಣಿಕೆ ಆರಂಭವಾಗುವುದು ಖರೀದಿಸಿದ ದಿನದಿಂದಲೇ ಅಥವಾ ಅಲ್ಲಿ ಇಳಿದ ಮೇಲೆಯೇ.

ಎರಡನೆಯದು, ಆಯಾ ದೇಶದ ಪ್ರೀಪೇಯ್ಡ್ ಸಿಮ್. ತಿಂಗಳಿಗಿಂತ ಹೆಚ್ಚು ಉಳಿಯುವವರಿಗೆ ಬಹುತೇಕ ಎಲ್ಲೆಡೆ ಇದೇ ಅಗ್ಗ. ಪಾಸ್‌ಪೋರ್ಟ್ ತೋರಿಸಬೇಕಾಗುತ್ತದೆ, ಸೌದಿ ಅರೇಬಿಯದಲ್ಲಿ ಬೆರಳಚ್ಚನ್ನೂ ಪಡೆಯುತ್ತಾರೆ. ಐರೋಪ್ಯ ಒಕ್ಕೂಟದಲ್ಲಿ ಒಂದು ವಿಶೇಷ ಸೌಲಭ್ಯವಿದೆ. 2017ರ ಜೂನ್ 15ರಿಂದ ಅಲ್ಲಿಯ ಒಂದು ದೇಶದ ಸಿಮ್ ಒಕ್ಕೂಟದ ಉಳಿದ ದೇಶಗಳಲ್ಲೂ ಮಿತಿಯೊಳಗೆ ತವರಿನ ದರದಲ್ಲೇ ನಡೆಯುತ್ತದೆ. ಪ್ಯಾರಿಸ್‌ನಲ್ಲಿ ಕೊಂಡದ್ದನ್ನು ರೋಮ್‌ನಲ್ಲೂ ಬಳಸಬಹುದು. ಬ್ರಿಟನ್ ಮತ್ತು ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ ಎಂಬುದು ನೆನಪಿರಲಿ.

ಮೂರನೆಯದು, ಇ-ಸಿಮ್. ಪ್ಲಾಸ್ಟಿಕ್ ಚೀಟಿಯಿಲ್ಲದೆ, ಕ್ಯೂಆರ್ ಕೋಡ್ ಮೂಲಕ ಫೋನಿನೊಳಗೇ ಅಳವಡಿಸಿಕೊಳ್ಳುವ ಸಂಪರ್ಕವಿದು. ಭಾರತದ ಸಿಮ್ ತನ್ನ ಜಾಗದಲ್ಲೇ ಉಳಿದು, ಡೇಟಾ ಮಾತ್ರ ಇ-ಸಿಮ್ ಮೂಲಕ ಹರಿಯುತ್ತದೆ. ಆದರೆ ನಿಮ್ಮ ಫೋನು ಇದಕ್ಕೆ ಒಗ್ಗುವಂಥದ್ದೇ ಎಂದು ಮೊದಲು ಪರಿಶೀಲಿಸಬೇಕು. ಎಲ್ಲ ಮಾರಾಟಗಾರರಿಗೂ ಭಾರತದಲ್ಲಿ ಅನುಮತಿಯಿಲ್ಲ ಎಂಬುದೂ ತಿಳಿದಿರಲಿ. 2024ರ ಜನವರಿಯಲ್ಲಿ ದೂರಸಂಪರ್ಕ ಇಲಾಖೆಯ ಸೂಚನೆಯಂತೆ ಏರಾಲೊ ಮತ್ತು ಹೋಲಾಫ್ಲೈ ಎಂಬ ಎರಡು ಪ್ರಸಿದ್ಧ ಇ-ಸಿಮ್ ಆ್ಯಪ್‌ಗಳನ್ನು ಆ್ಯಪಲ್ ಮತ್ತು ಗೂಗಲ್ ತಮ್ಮ ಭಾರತೀಯ ಮಳಿಗೆಗಳಿಂದ ತೆಗೆದುಹಾಕಿದ್ದವು.

ಮಾತು ವಾಟ್ಸ್‌ಆ್ಯಪ್‌ನಲ್ಲಿ, ಎಲ್ಲೆಡೆ ಅಲ್ಲ

ಯಾವ ದಾರಿ ಹಿಡಿದರೂ ಗುರಿ ಒಂದೇ: ಡೇಟಾ ದೊರೆಯಬೇಕು, ಮಾತು ಅದರ ಮೇಲೆ ನಡೆಯಬೇಕು. ವಾಟ್ಸ್‌ಆ್ಯಪ್ ಧ್ವನಿ ಕರೆಗೆ ನಿಮಿಷಕ್ಕೆ ಅಂದಾಜು ಅರ್ಧ ಎಂಬಿ ಸಾಕು. ವಿಡಿಯೊ ಕರೆಗೆ ಅದರ ಹಲವು ಪಟ್ಟು ಬೇಕು. ಮೊಮ್ಮಗುವಿನ ಮುಖ ತೋರಿಸುವ ವಿಡಿಯೊ ಕರೆಯನ್ನು ಮನೆಯ ವೈ-ಫೈನಲ್ಲಿ ಇಟ್ಟುಕೊಂಡು, ಹೊರಗೆ ಧ್ವನಿ ಕರೆಗೆ ತೃಪ್ತಿಪಟ್ಟರೆ ಸಣ್ಣ ಪ್ಯಾಕ್ ಕೂಡ ಬಹುದಿನ ಬಾಳುತ್ತದೆ. ಹೊಸ ಸಿಮ್ ಹಾಕಿದಾಗ ವಾಟ್ಸ್‌ಆ್ಯಪ್ ಸಂಖ್ಯೆ ಬದಲಿಸಬೇಕಿಲ್ಲ. ಊರಿನ ಸಿಮ್ ಕೂಡ ಫೋನಿನಲ್ಲೇ ಇದ್ದರೆ ಹಳೆಯ ಭಾರತೀಯ ಸಂಖ್ಯೆಯಲ್ಲೇ ಅದು ಮುಂದುವರಿಯುತ್ತದೆ.

ಆದರೆ ಎಲ್ಲ ದೇಶಗಳೂ ಒಂದೇ ಅಲ್ಲ. ಸೌದಿ ಅರೇಬಿಯ 2017ರ ಸೆಪ್ಟೆಂಬರ್‌ನಲ್ಲಿ ಇಂಟರ್ನೆಟ್ ಕರೆಗಳ ಮೇಲಿನ ನಿಷೇಧವನ್ನು ಸಡಿಲಿಸಿತು. ಸಂಯುಕ್ತ ಅರಬ್ ಎಮಿರೇಟ್ಸ್ ಬಹುಕಾಲದಿಂದ ವಾಟ್ಸ್‌ಆ್ಯಪ್ ಕರೆಗಳನ್ನು ನಿರ್ಬಂಧಿಸಿ, ಪರವಾನಗಿ ಪಡೆದ ಆ್ಯಪ್‌ಗಳಿಗಷ್ಟೇ ಅವಕಾಶ ನೀಡಿದೆ. ಚೀನಾದಲ್ಲಿ ವಾಟ್ಸ್‌ಆ್ಯಪ್ ಮತ್ತು ಗೂಗಲ್ ಸೇವೆಗಳು ಸ್ಥಳೀಯ ಜಾಲದಲ್ಲಿ ದೊರೆಯುವುದಿಲ್ಲ. ಸಾಮಾನ್ಯವಾಗಿ ರೋಮಿಂಗ್ ಡೇಟಾ ಭಾರತೀಯ ಸಂಸ್ಥೆಯ ಮೂಲಕವೇ ಇಂಟರ್ನೆಟ್ ಸೇರುವುದರಿಂದ, ಇಂಥ ದೇಶಗಳಿಗೆ ಅಲ್ಪಾವಧಿಗೆ ಹೋಗುವವರಿಗೆ ಸ್ಥಳೀಯ ಸಿಮ್‌ಗಿಂತ ರೋಮಿಂಗ್ ಪ್ಯಾಕ್ ಹೆಚ್ಚು ಉಪಯುಕ್ತವಾದೀತು.

ಹಳೆಯ ಸೆಟ್ ಅಲ್ಲಿ ಮೂಕ

ನಮ್ಮಲ್ಲಿ ಹಿರಿಯರು ಇಂದಿಗೂ ಗುಂಡಿ ಒತ್ತುವ ಫೋನನ್ನೇ ನೆಚ್ಚಿಕೊಂಡಿರುತ್ತಾರೆ. ದಾವಣಗೆರೆಯಲ್ಲಿ ನಿರಾತಂಕವಾಗಿ ನಡೆಯುವ 2ಜಿ, 3ಜಿ ಸೆಟ್ ಅಮೆರಿಕದಲ್ಲಿ ಮೂಕವಾಗುವ ಸಾಧ್ಯತೆಯೇ ಹೆಚ್ಚು. ಅಲ್ಲಿಯ ಮೂರೂ ಪ್ರಮುಖ ಸಂಸ್ಥೆಗಳು 2022ರಲ್ಲಿ 3ಜಿ ಜಾಲವನ್ನು ಮುಚ್ಚಿದವು. ಆಸ್ಟ್ರೇಲಿಯ 2024ರ ಅಕ್ಟೋಬರ್‌ನಲ್ಲಿ ಅದೇ ಹಾದಿ ಹಿಡಿಯಿತು. ಇಂಥ ದೇಶಗಳಿಗೆ ಹೊರಟವರ ಫೋನು 4ಜಿ ಜಾಲದ ಮೇಲೆ ಮಾತನಾಡುವ ವೋಲ್ಟಿ ಸೌಲಭ್ಯ ಹೊಂದಿರಬೇಕು. ಅಲ್ಲಿಯ ಸಂಸ್ಥೆ ಆ ಮಾದರಿಯನ್ನು ಒಪ್ಪುತ್ತದೆಯೇ ಎಂದು ಅಲ್ಲಿರುವ ಮಕ್ಕಳಿಂದ ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಸಂಖ್ಯೆ ಕಳೆದರೆ ಎಲ್ಲವೂ ಕಳೆದಂತೆ

ಇನ್ನು ಅತಿ ಮುಖ್ಯವಾದ ಮಾತು. ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೋಗುವ ತಂದೆತಾಯಿಗಳು ಸಾಮಾನ್ಯವಾಗಿ ಆರು ತಿಂಗಳವರೆಗೂ ಉಳಿಯುತ್ತಾರೆ. ಅಲ್ಲಿಯ ಸಿಮ್ ಸಿಕ್ಕೊಡನೆ ಊರಿನ ಸಿಮ್ ತೆಗೆದು ಡಬ್ಬಿಯಲ್ಲಿಡುತ್ತಾರೆ. ಅಪಾಯ ಆರಂಭವಾಗುವುದು ಇಲ್ಲಿಂದಲೇ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2013ರಲ್ಲಿ ರೂಪಿಸಿದ ನಿಯಮದಂತೆ, 90 ದಿನ ಬಳಕೆಯಾಗದ ಪ್ರೀಪೇಯ್ಡ್ ಸಂಖ್ಯೆಯನ್ನು ಸಂಸ್ಥೆ ರದ್ದು ಮಾಡಬಹುದು. ಖಾತೆಯಲ್ಲಿ 20 ರೂಪಾಯಿ ಇದ್ದರೆ, ಅದನ್ನು ಕಡಿತ ಮಾಡಿ 30 ದಿನ ಮುಂದುವರಿಸಬೇಕೆಂಬ ರಕ್ಷಣೆಯೂ ಅದರಲ್ಲಿದೆ. ಆದರೆ ರೀಚಾರ್ಜ್ ಅವಧಿ ಮುಗಿದರೆ ಸಂಖ್ಯೆ ರದ್ದಾಗುವ ಮುನ್ನವೇ ಕರೆ, ಸಂದೇಶಗಳು ನಿಲ್ಲತೊಡಗುತ್ತವೆ. ರದ್ದಾದ ಸಂಖ್ಯೆ ಕೆಲಕಾಲದ ಬಳಿಕ ಬೇರೊಬ್ಬರ ಪಾಲಾಗುತ್ತದೆ. ನಿಮ್ಮ ಬ್ಯಾಂಕಿನ ಒಟಿಪಿ ಆಗ ತಲುಪುವುದು ಆ ಅಪರಿಚಿತರಿಗೆ.

ಪರಿಹಾರ ದುಬಾರಿಯಲ್ಲ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ನಿಯಮಕ್ಕೆ ತಿದ್ದುಪಡಿ ತಂದು, ಡೇಟಾ ಇಲ್ಲದ, ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ ಸೀಮಿತವಾದ ಪ್ಯಾಕ್‌ಗಳನ್ನು ನೀಡುವುದನ್ನು ಕಡ್ಡಾಯಗೊಳಿಸಿತು. ವಿಶೇಷ ರೀಚಾರ್ಜ್‌ಗಳ ಗರಿಷ್ಠ ಅವಧಿಯನ್ನು 90ರಿಂದ 365 ದಿನಗಳಿಗೆ ಏರಿಸಿತು. ವಿದೇಶದಲ್ಲಿದ್ದಾಗ ಇಲ್ಲಿಯ ಡೇಟಾ ನಿಮಗೆ ಬೇಕಿಲ್ಲ. ಆದ್ದರಿಂದ ಇಂಥ ದೀರ್ಘಾವಧಿ ಪ್ಯಾಕ್ ಹಾಕಿಸಿ, ರೋಮಿಂಗ್ ಸೇವೆಯನ್ನು ಸಕ್ರಿಯಗೊಳಿಸಿ, ಸಿಮ್ ಅನ್ನು ಫೋನಿನ ಎರಡನೆಯ ಜಾಗದಲ್ಲಿ ಉಳಿಸಿಕೊಳ್ಳಿ. ರೋಮಿಂಗ್‌ನಲ್ಲಿ ಒಳಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ಶುಲ್ಕವಿಲ್ಲ. ರೋಮಿಂಗ್ ಸಕ್ರಿಯಗೊಳಿಸುವ ಷರತ್ತು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಿರುವುದರಿಂದ ಮಳಿಗೆಯಲ್ಲೇ ಕೇಳಿ ತಿಳಿಯಿರಿ. ನಡುವೆ ಅವಧಿ ಮುಗಿದರೆ ಊರಿನಲ್ಲಿರುವ ಬಂಧುಗಳೂ ರೀಚಾರ್ಜ್ ಮಾಡಿಸಬಹುದು.

ಸಿಮ್ ಅನ್ನೇ ಊರಿನ ನೆಂಟರ ಕೈಗಿತ್ತು, ಅವರಿಂದ ಒಟಿಪಿ ಕೇಳಿ ಪಡೆಯುವ ರೂಢಿಯೂ ಇದೆ. ಅದು ಬೀರುವಿನ ಕೀಲಿಯನ್ನು ಕೊಟ್ಟು ಹೋದಂತೆ. ವಿಶ್ವಾಸವಿದ್ದರೂ ಫೋನು ಕಳವಾಗಬಹುದು, ವಂಚಕರ ಕರೆಗೆ ಅವರೇ ಮೋಸಹೋಗಬಹುದು. ವಿದೇಶದಲ್ಲಿ ಯುಪಿಐ ಆ್ಯಪ್‌ಗಳನ್ನು ಅಳಿಸಿ ಮತ್ತೆ ಹಾಕುವ ಸಾಹಸವೂ ಬೇಡ. ನೋಂದಣಿಗೆ ಭಾರತೀಯ ಸಿಮ್‌ನಿಂದ ಎಸ್‌ಎಂಎಸ್ ಹೋಗಬೇಕಾಗುತ್ತದೆ. ಅಲ್ಲಿಯೇ ನೆಲೆಸಿ ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ ಹೊಂದಿರುವವರಿಗೆ, ಅಮೆರಿಕ, ಬ್ರಿಟನ್, ಸೌದಿ, ಕತಾರ್ ಸೇರಿದಂತೆ ಹತ್ತು ದೇಶಗಳ ಸಂಖ್ಯೆಯಲ್ಲೇ ಯುಪಿಐ ಬಳಸಲು 2023ರಲ್ಲಿ ಅವಕಾಶ ಕಲ್ಪಿಸಲಾಯಿತು.

ಆಪತ್ತಿನ ಹೊತ್ತಿಗೆ

ಉಳಿತಾಯಕ್ಕೂ ಒಂದು ಎಲ್ಲೆಯಿದೆ. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಮೇಲೆ ಯುದ್ಧ ಎರಗಿದಾಗ ಖಾರ್ಕಿವ್ ನಗರದ ನೆಲಮಾಳಿಗೆಗಳಲ್ಲಿ ಸಿಲುಕಿದ ಕನ್ನಡ ವಿದ್ಯಾರ್ಥಿಗಳಿಗೂ ಮನೆಯವರಿಗೂ ನಡುವೆ ಉಳಿದಿದ್ದುದು ಮೊಬೈಲ್ ಒಂದೇ. ಹರಿಹರದ ಆಚೆ, ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಮಾರ್ಚ್ 1ರಂದು ಅಲ್ಲಿ ಶೆಲ್ ದಾಳಿಗೆ ಬಲಿಯಾದ. ಅದೇ ತಿಂಗಳು ಊರಿಗೆ ಮರಳಿದ ಆತನ ಪಾರ್ಥಿವ ಶರೀರವನ್ನು ಕುಟುಂಬದವರು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ ದಾನವಾಗಿ ನೀಡಿದರು. ಈ ಭಾಗದ ಪಾಲಕರು ಆ ದಿನಗಳನ್ನು ಮರೆತಿಲ್ಲ.

ಡೇಟಾ ಕೈಕೊಟ್ಟಾಗಲೂ ಕರೆ ಹೋಗಬೇಕಾದ ಗಳಿಗೆ ಬರಬಹುದು. ಆದ್ದರಿಂದ ವಿದ್ಯಾರ್ಥಿಗಳೂ ಯಾತ್ರಿಕರೂ ಸ್ಥಳೀಯ ಸಿಮ್‌ನಲ್ಲಿ ಸ್ವಲ್ಪ ಮಾತಿನ ಬ್ಯಾಲೆನ್ಸ್ ಸದಾ ಇಟ್ಟುಕೊಳ್ಳಲಿ. ಭಾರತೀಯ ರಾಯಭಾರ ಕಚೇರಿಯ ಮತ್ತು ಮನೆಯವರ ಸಂಖ್ಯೆಗಳನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಲಿ. ಊರಿನ ಸಂಖ್ಯೆಗಳನ್ನು ಫೋನಿನಲ್ಲಿ +91 ಸೇರಿಸಿ ಉಳಿಸಲಿ. ಅದಿಲ್ಲದೆ ವಿದೇಶದಿಂದ ಮಾಡಿದ ಕರೆ ತಲುಪುವುದಿಲ್ಲ.

ಹೊರಡುವ ಮುನ್ನ ಇಷ್ಟು ಮಾಡಿ

* ಭಾರತದ ಸಂಖ್ಯೆಗೆ ಮರಳುವ ದಿನಾಂಕ ದಾಟುವಷ್ಟು ಅವಧಿಯ ರೀಚಾರ್ಜ್ ಮಾಡಿಸಿ.
* ರೋಮಿಂಗ್ ಸೇವೆ ಸಕ್ರಿಯವಾಗಿರಲಿ, ಡೇಟಾ ರೋಮಿಂಗ್ ಬಂದ್ ಆಗಿರಲಿ. ಪ್ಯಾಕ್ ಕೊಂಡಿದ್ದರೆ ಮಾತ್ರ ಅಲ್ಲಿ ಇಳಿದ ಮೇಲೆ ತೆರೆಯಿರಿ.
* ಕಾಲ್ ಫಾರ್ವರ್ಡಿಂಗ್ ರದ್ದು ಮಾಡಿ. ಫೋಟೊ ಬ್ಯಾಕಪ್, ಆ್ಯಪ್ ನವೀಕರಣವನ್ನು ವೈ-ಫೈಗೆ ಸೀಮಿತಗೊಳಿಸಿ.
* ಭೂಪಟವನ್ನು ಮನೆಯ ವೈ-ಫೈನಲ್ಲೇ ಇಳಿಸಿಕೊಳ್ಳಿ. ಆಮೇಲೆ ದಾರಿ ನೋಡಲು ಡೇಟಾ ಬೇಕಿಲ್ಲ.
* ಫೋನು ಎರಡು ಸಿಮ್ ಹಿಡಿಯುತ್ತದೆಯೇ, ಇ-ಸಿಮ್ ಒಪ್ಪುತ್ತದೆಯೇ, ವೋಲ್ಟಿ ಇದೆಯೇ ನೋಡಿ.

ಇಷ್ಟನ್ನೂ ಊರಿನಲ್ಲೇ, ಪರಿಚಿತ ಮೊಬೈಲ್ ಮಳಿಗೆಯಲ್ಲಿ ಕುಳಿತು, ಕನ್ನಡದಲ್ಲೇ ಕೇಳಿ ಮಾಡಿಸಿಕೊಳ್ಳಬಹುದು. ದೇವನಹಳ್ಳಿಯ ವಿಮಾನ ನಿಲ್ದಾಣದ ಸರದಿಯಲ್ಲಿ ನಿಂತಾಗ ಆ ಸಾವಧಾನ ಸಿಗುವುದಿಲ್ಲ.