ರೂಪ ಮತ್ತು ಅಭಿನಯ: ‘ಕೋಲ್ಡ್ ಮೌಂಟನ್’ ಚಿತ್ರದ ಇನ್‌ಮನ್ ಪಾತ್ರವನ್ನು ಕುರಿತು

೧

ನಟನೊಬ್ಬ ಸುಂದರನಾಗಿದ್ದಾಗ ಅವನ ಅಭಿನಯವನ್ನು ಕುರಿತ ವಿಮರ್ಶೆ ಎರಡು ರೀತಿಗಳಲ್ಲಿ ಹಾದಿ ತಪ್ಪುವುದುಂಟು. ರೂಪವನ್ನೇ ಪ್ರತಿಭೆಯೆಂದು ಬಗೆದು ಮೆಚ್ಚುವುದು ಒಂದು; ರೂಪವಿರುವಲ್ಲಿ ಪ್ರತಿಭೆ ಇರಲಾರದೆಂಬ ಗುಮಾನಿಯಿಂದ ಅವನ ಕೆಲಸವನ್ನು ಪರೀಕ್ಷಿಸದೆಯೇ ತಳ್ಳಿಹಾಕುವುದು ಇನ್ನೊಂದು. ಮೇಲ್ನೋಟಕ್ಕೆ ಪರಸ್ಪರ ವಿರುದ್ಧವೆಂದು ತೋರುವ ಈ ಎರಡು ನಿಲುವುಗಳ ದೋಷ ಮಾತ್ರ ಒಂದೇ. ಎರಡೂ ನಟನ ಮುಖವನ್ನು ನೋಡಿ ಅಲ್ಲಿಗೇ ನಿಂತುಬಿಡುತ್ತವೆ. ಆ ಮುಖ ಮಾಡುತ್ತಿರುವ ಕೆಲಸವನ್ನು ಗಮನಿಸುವುದಿಲ್ಲ.

ಚಾರಿತ್ರಿಕ ವಸ್ತುವುಳ್ಳ ಚಿತ್ರಗಳಲ್ಲಿ ಈ ತೊಡಕು ಇನ್ನಷ್ಟು ಬಿಗಿಯಾಗುತ್ತದೆ. ಗತಕಾಲದ ಉಡುಗೆ, ಬೆಳಕು, ಭೂದೃಶ್ಯಗಳೆಲ್ಲ ನಾಯಕನ ಚೆಲುವಿಗೆ ಒತ್ತಾಸೆಯಾಗಿ ನಿಲ್ಲುತ್ತವೆ. ಅಮೆರಿಕದ ದಕ್ಷಿಣ ರಾಜ್ಯಗಳ ಚರಿತ್ರೆಯನ್ನು, ವಿಶೇಷವಾಗಿ ೧೮೬೧ರಿಂದ ೧೮೬೫ರವರೆಗಿನ ಅಂತರ್ಯುದ್ಧವನ್ನು, ವಸ್ತುವಾಗಿ ಉಳ್ಳ ಚಿತ್ರಗಳ ಪರಂಪರೆ ಇದಕ್ಕೆ ಒಳ್ಳೆಯ ನಿದರ್ಶನ. ಆ ಪರಂಪರೆಗೆ ಸೇರಿದ ‘ಕೋಲ್ಡ್ ಮೌಂಟನ್’ (೨೦೦೩) ಚಿತ್ರದಲ್ಲಿ ಜೂಡ್ ಲಾ ನಿರ್ವಹಿಸಿದ ಇನ್‌ಮನ್ ಪಾತ್ರವನ್ನು ಆಧಾರವಾಗಿಟ್ಟುಕೊಂಡು, ರೂಪವಂತ ನಟನ ಪ್ರತಿಭೆಯನ್ನು ಅಳೆಯುವ ಬಗೆಯನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

೨

ಈ ಪರಿಶೀಲನೆಗೆ ಬೇಕಾದ ಪರಿಭಾಷೆ ನಮ್ಮ ಕಾವ್ಯಮೀಮಾಂಸೆಯ ತರಗತಿಗಳಲ್ಲಿ ನಿತ್ಯ ಬಳಕೆಯಲ್ಲಿದೆ. ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಈ ನಾಲ್ಕರಲ್ಲಿ ಸೌಂದರ್ಯಕ್ಕೆ ಪ್ರತ್ಯೇಕ ಸ್ಥಾನವಿಲ್ಲ ಎಂಬುದು ಗಮನಾರ್ಹ. ನಟನ ದೇಹಲಕ್ಷಣವನ್ನು ಭರತನು ಪರಿಗಣಿಸುವುದಿಲ್ಲವೆಂದಲ್ಲ. ಯಾವ ಮೈಕಟ್ಟಿನವನಿಗೆ ಯಾವ ಪಾತ್ರ ಒಪ್ಪುತ್ತದೆ ಎಂಬ ವಿಚಾರ ಅವನಲ್ಲಿ ವಿವರವಾಗಿಯೇ ಬರುತ್ತದೆ. ಆದರೆ ಅದು ಬರುವುದು ಪಾತ್ರಹಂಚಿಕೆಯ ಪ್ರಕರಣದಲ್ಲಿ. ಅಂದರೆ ರೂಪವು ಭೂಮಿಕೆಗೆ ಅರ್ಹತೆಯನ್ನು ತಂದುಕೊಡುವ ಸಂಗತಿ. ಭೂಮಿಕೆ ದೊರೆತ ಮೇಲೆ ನಟನು ಮಾಡಬೇಕಾದದ್ದು ಅಭಿನಯ. ಇವೆರಡರ ನಡುವಣ ಗೆರೆಯನ್ನು ಮರೆತಾಗಲೇ ಮೇಲೆ ಹೇಳಿದ ದೋಷಗಳು ತಲೆದೋರುತ್ತವೆ.

ಅಭಿನಯದ ಪ್ರಕಾರಗಳಲ್ಲಿ ಸತ್ತ್ವಪ್ರಧಾನವಾದುದನ್ನೇ ಭರತನು ಶ್ರೇಷ್ಠವೆಂದು ಎಣಿಸಿದ್ದಾನೆ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂಬ ಎಂಟು ಸಾತ್ತ್ವಿಕ ಭಾವಗಳೂ ಮನಸ್ಸಿನ ಏಕಾಗ್ರತೆಯಿಂದ ಹುಟ್ಟುವಂಥವು. ಇವು ಮುಖದ ಅಚ್ಚುಕಟ್ಟನ್ನು ಕದಡುತ್ತವೆ ಎಂಬುದನ್ನೂ ಗಮನಿಸಬೇಕು. ಬೆವರಿದ, ಕಂಪಿಸುವ, ಬಣ್ಣಗೆಟ್ಟ ಮುಖ ಚಿತ್ರಪಟದಲ್ಲಿನ ಮುಖದಂತೆ ಚೆಲುವಾಗಿ ಉಳಿಯಲಾರದು. ಆದುದರಿಂದ ರೂಪವಂತ ನಟನಿಗೆ ಸಾತ್ತ್ವಿಕಾಭಿನಯವು ತನ್ನ ಬಂಡವಾಳವನ್ನೇ ಪಣಕ್ಕಿಡುವ ಕೆಲಸವಾಗುತ್ತದೆ.

ಇದೇ ಪರಂಪರೆಯ ಹಿರಿಯ ಕೃತಿಯಾದ ‘ಗಾನ್ ವಿತ್ ದ ವಿಂಡ್’ (೧೯೩೯) ಚಿತ್ರದ ಒಂದು ಪ್ರಸಂಗ ಇದನ್ನು ಸ್ಪಷ್ಟಪಡಿಸುತ್ತದೆ. ರೆಟ್ ಬಟ್ಲರ್ ಪಾತ್ರದ ಕ್ಲಾರ್ಕ್ ಗೇಬಲ್, ಪತ್ನಿಯ ಗರ್ಭಪಾತದ ಬಳಿಕ ಮೆಲನಿಯ ಎದುರು ಅಳುವ ದೃಶ್ಯಕ್ಕೆ ಹಿಂಜರಿದಿದ್ದನೆಂಬುದು ಪ್ರಸಿದ್ಧ. ಗಂಡಸುತನದ ಪ್ರತಿಮೆಯಾಗಿ ಜನಮನದಲ್ಲಿ ನೆಲೆಸಿದ್ದ ನಟನಿಗೆ ಅಶ್ರು ಅಪಾಯವಾಗಿ ಕಂಡದ್ದು ಸಹಜವೇ. ದಕ್ಷಿಣದ ಉಚ್ಚಾರಣೆಯನ್ನು ರೂಢಿಸಿಕೊಳ್ಳುವ ಪ್ರಯತ್ನವನ್ನು ಅವನು ಮಾಡಲಿಲ್ಲ. ವಾಚಿಕವು ಅವನ ಸ್ವಂತ ದನಿಯಲ್ಲೇ ಉಳಿಯಿತು. ಚಿತ್ರದ ಬಹುಭಾಗದಲ್ಲಿ ಗೇಬಲ್ ತನ್ನ ಖ್ಯಾತಿಯನ್ನೇ ಅಭಿನಯಿಸುತ್ತಾನೆ, ಆ ಒಂದು ದೃಶ್ಯದಲ್ಲಿ ರೆಟ್‌ನನ್ನು ಅಭಿನಯಿಸುತ್ತಾನೆ ಎಂದರೆ ತಪ್ಪಾಗಲಾರದು.

೩

ಚಾರ್ಲ್ಸ್ ಫ್ರೇಜಿಯರ್‌ನ ‘ಕೋಲ್ಡ್ ಮೌಂಟನ್’ ಕಾದಂಬರಿ ೧೯೯೭ರಲ್ಲಿ ಪ್ರಕಟವಾಗಿ ಅದೇ ವರ್ಷ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆಯಿತು. ಅದನ್ನು ಚಿತ್ರಕಥೆಯಾಗಿಸಿ ನಿರ್ದೇಶಿಸಿದವನು ಆಂಟನಿ ಮಿಂಗೆಲ್ಲ. ಉತ್ತರ ಕ್ಯಾರೊಲಿನದ ಬೆಟ್ಟಸೀಮೆಯ ಈ ಕಥೆಯ ಹೆಚ್ಚಿನ ಭಾಗವನ್ನು ರೊಮೇನಿಯದಲ್ಲಿ ಚಿತ್ರೀಕರಿಸಲಾಯಿತು. ೧೮೬೪ರ ಪೀಟರ್ಸ್‌ಬರ್ಗ್ ಮುತ್ತಿಗೆಯ ಕಾಲದಲ್ಲಿ ಕುತ್ತಿಗೆಗೆ ಗಾಯಗೊಂಡ ದಕ್ಷಿಣದ ಸೈನಿಕ ಇನ್‌ಮನ್, ಆಸ್ಪತ್ರೆಯಿಂದ ತಪ್ಪಿಸಿಕೊಂಡು, ತಾನು ಒಲಿದ ಏಡಾಳನ್ನು ಸೇರಲು ಕಾಲ್ನಡಿಗೆಯಲ್ಲಿ ಊರಿಗೆ ಮರಳುವುದು ಇಲ್ಲಿನ ಕಥೆ. ಹೋಮರನ ‘ಒಡಿಸ್ಸಿ’ಯ ನೆರಳು ಅದರ ಮೇಲೆ ದಟ್ಟವಾಗಿದೆ.

ಇದೇ ನಿರ್ದೇಶಕನ ‘ದ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲೆ’ (೧೯೯೯) ಚಿತ್ರದಲ್ಲಿ ಲಾ ಡಿಕ್ಕಿ ಗ್ರೀನ್‌ಲೀಫ್ ಎಂಬ ಸಿರಿವಂತ ಯುವಕನಾಗಿದ್ದ. ಅಲ್ಲಿ ಚೆಲುವೇ ಪಾತ್ರದ ತಿರುಳು; ಇನ್ನೊಬ್ಬನು ಆ ಚೆಲುವಿಗೂ ಆ ಬಾಳಿಗೂ ಆಸೆಪಡುವುದರಿಂದಲೇ ಕಥೆ ನಡೆಯುತ್ತದೆ. ಆ ಪಾತ್ರಕ್ಕೆ ಅವನು ಪೋಷಕ ನಟ ವಿಭಾಗದಲ್ಲಿ ಆಸ್ಕರ್ ನಾಮನಿರ್ದೇಶನ ಪಡೆದ. ಇನ್‌ಮನ್ ಪಾತ್ರವಾದರೋ ಈ ಅನುಕೂಲಗಳನ್ನೆಲ್ಲ ಒಂದೊಂದಾಗಿ ಕಿತ್ತುಕೊಳ್ಳುತ್ತದೆ. ಕುತ್ತಿಗೆಯ ಗಾಯ, ಸ್ವಭಾವದ ಮೌನಗಳಿಂದ ವಾಚಿಕ ಕ್ಷೀಣವಾಗುತ್ತದೆ. ಗಡ್ಡ, ಕೊಳೆ, ಹರಕು ಬಟ್ಟೆಗಳಿಂದ ಆಹಾರ್ಯವು ರೂಪದ ವಿರುದ್ಧ ದುಡಿಯುತ್ತದೆ. ಉಳಿಯುವುದು ನಡಿಗೆ, ಕಣ್ಣು ಮತ್ತು ಆಲಿಸುವಿಕೆ.

ಇಲ್ಲೊಂದು ಆಕ್ಷೇಪಣೆಯನ್ನು ಎದುರಿಸಬೇಕು. ಸಿನಿಮಾದಲ್ಲಿ ಮೌನಮುಖಕ್ಕೆ ಅರ್ಥ ಕೊಡುವವನು ಸಂಕಲನಕಾರನಲ್ಲವೆ? ರಷ್ಯದ ಲೆವ್ ಕುಲೆಶೋವ್‌ನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ಪ್ರಯೋಗ ಇದನ್ನೇ ಹೇಳುತ್ತದೆ. ಮೊಜುಖಿನ್ ಎಂಬ ಜನಪ್ರಿಯ ನಟನ ಒಂದೇ ಮುಖಭಾವವನ್ನು ಬೇರೆಬೇರೆ ಚಿತ್ರಿಕೆಗಳ ಪಕ್ಕದಲ್ಲಿಟ್ಟಾಗ ಪ್ರೇಕ್ಷಕರು ಅದರಲ್ಲಿ ಹಸಿವು, ದುಃಖ ಇತ್ಯಾದಿ ಬೇರೆಬೇರೆ ಭಾವಗಳನ್ನು ಕಂಡರಂತೆ. ‘ಕೋಲ್ಡ್ ಮೌಂಟನ್’ ಚಿತ್ರದ ಸಂಕಲನಕಾರ ವಾಲ್ಟರ್ ಮರ್ಚ್ ಈ ಕಲೆಯ ದೊಡ್ಡ ಹೆಸರು. ಆದುದರಿಂದ ಮೌನವೆಲ್ಲವನ್ನೂ ನಟನ ಲೆಕ್ಕಕ್ಕೆ ಬರೆಯಲಾಗದು. ಪಾತ್ರದ ನಿಲುವು ಎದುರಿನ ಪಾತ್ರದ ಮಾತಿನಿಂದ ಬದಲಾಗಬೇಕಾದ, ಆ ಬದಲಾವಣೆ ದೇಹದಲ್ಲಿ ಕಾಣಬೇಕಾದ ದೃಶ್ಯಗಳನ್ನೇ ಪರೀಕ್ಷೆಗೆ ಆರಿಸಿಕೊಳ್ಳುವುದು ಉಚಿತ. ಅಂತಹ ಮೂರು ದೃಶ್ಯಗಳನ್ನು ಇಲ್ಲಿ ಪರಿಶೀಲಿಸಬಹುದು.

೪

ಮೊದಲನೆಯದು ಸಾರಾಳ ಗುಡಿಸಲಿನ ಪ್ರಸಂಗ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡು ಹಸುಗೂಸಿನೊಡನೆ ಒಂಟಿಯಾಗಿರುವ ಹೆಣ್ಣು, ರಾತ್ರಿ ಆಶ್ರಯ ಬೇಡಿ ಬಂದ ಅಪರಿಚಿತನನ್ನು ತನ್ನ ಪಕ್ಕದಲ್ಲಿ ಸುಮ್ಮನೆ ಮಲಗಿರುವಂತೆ ಕೇಳಿಕೊಳ್ಳುತ್ತಾಳೆ. ನಟನು ಒಂದಿಷ್ಟು ಎಡವಿದರೂ ದೃಶ್ಯವು ಶೃಂಗಾರಕ್ಕೆ ಜಾರುತ್ತದೆ. ಅವನ ರೂಪವೇ ಅದನ್ನು ಅತ್ತ ಎಳೆಯುತ್ತದೆ. ಲಾ ಇಲ್ಲಿ ದೇಹವನ್ನು ಬಿಗಿಹಿಡಿದು, ಆಕೆಯ ಅಳುವಿಗೆ ಎಡೆಮಾಡಿಕೊಡುತ್ತಾನೆ. ಸ್ತಂಭವೆಂಬ ಸಾತ್ತ್ವಿಕ ಭಾವಕ್ಕೆ ಇದು ಒಳ್ಳೆಯ ಉದಾಹರಣೆ. ದೃಶ್ಯವು ಕರುಣರಸದಲ್ಲಿ ನೆಲೆ ನಿಲ್ಲುವುದು ನಾಯಕನು ತನ್ನ ಆಕರ್ಷಣೆಯನ್ನು ಹಿಂದಕ್ಕೆ ಸರಿಸಿಕೊಂಡದ್ದರಿಂದ.

ಎರಡನೆಯದು ಆಡು ಸಾಕುವ ಮುದುಕಿಯ ಬಿಡಾರದ ಪ್ರಸಂಗ. ಐಲೀನ್ ಆಟ್ಕಿನ್ಸ್ ಈ ಪಾತ್ರದಲ್ಲಿದ್ದಾಳೆ. ಗಾಯಕ್ಕೆ ಆರೈಕೆ ಪಡೆಯುವ ಇನ್‌ಮನ್ ಇಲ್ಲಿ ತಾನು ಮಾಡಿದ ಕೊಲೆಗಳ ಭಾರವನ್ನು ಬಾಯಿಬಿಟ್ಟು ಹೇಳುತ್ತಾನೆ. ಅದುವರೆಗೆ ಅದುಮಿಟ್ಟ ಮಾತು ಹೊರಬರುವಾಗ ದನಿಯಲ್ಲಾಗುವ ಬದಲಾವಣೆಯನ್ನು ಸ್ವರಭೇದವೆಂದು ಗುರುತಿಸಬಹುದು. ಹಿಂದಿನ ದೀರ್ಘ ಮೌನದಿಂದಾಗಿಯೇ ಈ ಅಲ್ಪ ವಾಚಿಕಕ್ಕೆ ತೂಕ ಬಂದಿದೆ.

ಮೂರನೆಯದು ಹಿಮದ ನಡುವಣ ಪುನರ್ಮಿಲನ. ಕೈಯಲ್ಲಿ ಬಂದೂಕು ಹಿಡಿದ ಏಡಾ ಎದುರಿಗೆ ಬಂದವನನ್ನು ಗುರುತಿಸದೆ ಗುರಿಯಿಡುತ್ತಾಳೆ. ಇಡೀ ಪಯಣದ ಗುರಿಯಾದ ಹೆಣ್ಣೇ ತನ್ನನ್ನು ಅರಿಯದಿರುವ ಗಳಿಗೆಯಲ್ಲಿ ಇನ್‌ಮನ್ ತಿರುಗಿ ಹೊರಡಲು ಸಿದ್ಧನಾಗುತ್ತಾನೆ. ನಮ್ಮ ಓದುಗರಿಗೆ ಇಲ್ಲಿ ಶಾಕುಂತಲದ ಅಭಿಜ್ಞಾನ ಪ್ರಸಂಗ ನೆನಪಾಗದಿರದು; ಆದರೆ ಇಲ್ಲಿ ಉಂಗುರವಿಲ್ಲ. ಮುಖವೇ ಗುರುತಾಗಿ ಉಳಿಯದ ಈ ಸಂದರ್ಭ ರೂಪವಂತ ನಟನಿಗೆ ಅತ್ಯಂತ ಕಠಿಣ. ಹೊರಡಲು ತಿರುಗುವ ಬೆನ್ನಿನಲ್ಲಿ, ದಣಿದ ಭುಜಗಳಲ್ಲಿ ನಿರಾಶೆಯನ್ನು ತೋರಿಸುವ ಲಾ, ಆಂಗಿಕದ ಮೂಲಕ ಸಾತ್ತ್ವಿಕವನ್ನು ಸೂಚಿಸಬಲ್ಲ ನಟನೆಂಬುದನ್ನು ಇಲ್ಲಿ ಸಾಬೀತುಪಡಿಸಿದ್ದಾನೆ.

ಇದಕ್ಕೆ ಪ್ರತಿಯಾಗಿ ಚಿತ್ರದ ಆರಂಭಭಾಗ ದುರ್ಬಲವಾಗಿದೆ. ಇನ್‌ಮನ್ ಮತ್ತು ಏಡಾರ ನಡುವೆ ಒಲವು ಮೊಳೆಯುವ ಸಂದರ್ಭಗಳಲ್ಲಿ ನಿರ್ದೇಶಕನು ಇಬ್ಬರು ಚೆಲುವರ ಮುಖಗಳನ್ನೇ ನೆಚ್ಚಿದ್ದಾನೆ. ಕೆಲವೇ ಮಾತು, ಒಂದು ಮುತ್ತು. ಇಷ್ಟರ ಮೇಲೆ ಸಾವಿರ ಸಂಕಟಗಳ ಪಯಣವೊಂದು ನಿಲ್ಲಬೇಕಾಗಿದೆ. ಅಲ್ಲಿ ರೂಪವು ಅಭಿನಯದ ಜಾಗವನ್ನು ಆಕ್ರಮಿಸಿದೆ. ಇನ್ನು, ಟೆಕ್ಸಾಸ್‌ನಲ್ಲಿ ಹುಟ್ಟಿದ ರೆನೀ ಜೆಲ್‌ವೆಗರ್ ರೂಬಿಯ ಪಾತ್ರವನ್ನು ದಟ್ಟ ನಾಡುಮಾತಿನ ಲಯದಿಂದಲೇ ಕಟ್ಟಿದ್ದಾಳೆ. ಲಂಡನ್ನಿನ ಲಾಗೆ ಅಂತಹ ವಾಚಿಕ ಪರೀಕ್ಷೆ ಎದುರಾಗಲೇ ಇಲ್ಲ. ಏಳು ಆಸ್ಕರ್ ನಾಮನಿರ್ದೇಶನಗಳಲ್ಲಿ ಚಿತ್ರಕ್ಕೆ ದಕ್ಕಿದ ಏಕೈಕ ಪ್ರಶಸ್ತಿ ಜೆಲ್‌ವೆಗರಳದು. ಶ್ರೇಷ್ಠ ನಟ ವಿಭಾಗದಲ್ಲಿ ಲಾ ನಾಮನಿರ್ದೇಶಿತನಾಗಿದ್ದರೂ ಪ್ರಶಸ್ತಿ ‘ಮಿಸ್ಟಿಕ್ ರಿವರ್’ ಚಿತ್ರದ ಶಾನ್ ಪೆನ್‌ಗೆ ಸಂದಿತು. ಎದ್ದುಕಾಣುವ ವಾಚಿಕಕ್ಕೆ ಮನ್ನಣೆ ಬೇಗ ದೊರೆಯುತ್ತದೆ, ಅಡಗಿದ ಸಾತ್ತ್ವಿಕಕ್ಕೆ ತಡವಾಗಿ ದೊರೆಯುತ್ತದೆ ಎಂಬುದಕ್ಕೂ ಇದನ್ನು ಸಾಕ್ಷಿಯಾಗಿ ನೋಡಬಹುದು.

೫

ದಕ್ಷಿಣದ ಚಾರಿತ್ರಿಕ ಚಿತ್ರಗಳ ವಿಷಯದಲ್ಲಿ ಪ್ರಶ್ನೆ ಇಲ್ಲಿಗೇ ಮುಗಿಯುವುದಿಲ್ಲ. ಆ ನಾಡಿನ ಸಂಪತ್ತು ಗುಲಾಮಗಿರಿಯ ಮೇಲೆ ನಿಂತಿತ್ತು. ಚೆಲುವ ನಾಯಕನನ್ನು ಮೆಚ್ಚುವಾಗ ಪ್ರೇಕ್ಷಕನು ಅವನ ಪಕ್ಷವನ್ನೂ ಅರಿಯದೆಯೇ ಮೆಚ್ಚಿಬಿಡುವ ಅಪಾಯವಿದೆ. ‘ಗಾನ್ ವಿತ್ ದ ವಿಂಡ್’ ಚಿತ್ರದಲ್ಲಿ ರೂಪವು ಜಮೀನ್ದಾರಿ ಬದುಕಿನ ಪರವಾಗಿ ಸಾಕ್ಷಿ ನುಡಿಯುತ್ತದೆ. ಅದೇ ಚಿತ್ರದ ಮ್ಯಾಮಿ ಪಾತ್ರಕ್ಕಾಗಿ ಹ್ಯಾಟಿ ಮೆಕ್‌ಡೇನಿಯಲ್ ೧೯೪೦ರಲ್ಲಿ ಆಸ್ಕರ್ ಪಡೆದ ಮೊದಲ ಕಪ್ಪು ಕಲಾವಿದೆಯಾದಳು. ಆದರೆ ಆ ಸಮಾರಂಭದಲ್ಲಿ ಆಕೆಗೆ ತನ್ನ ಸಹನಟರಿಂದ ದೂರವಾದ ಪ್ರತ್ಯೇಕ ಮೇಜನ್ನು ಕೊಡಲಾಗಿತ್ತು. ಪ್ರತಿಭೆಯನ್ನು ಅಳೆಯುವ ಕೈಗಳು ವರ್ಣವನ್ನೂ ಅಳೆಯುತ್ತಿದ್ದವು.

‘ಕೋಲ್ಡ್ ಮೌಂಟನ್’ ಈ ಹೊಣೆಯನ್ನು ಅರ್ಧದಷ್ಟು ಮಾತ್ರ ಹೊತ್ತಿದೆ. ಯುದ್ಧವನ್ನು ತೊರೆದವನನ್ನು ನಾಯಕನನ್ನಾಗಿಸಿ ವೀರರಸದ ವೈಭವವನ್ನು ನಿರಾಕರಿಸಿರುವುದು ಅದರ ಹೆಚ್ಚುಗಾರಿಕೆ. ತನ್ನಿಂದ ಗರ್ಭಿಣಿಯಾದ ಗುಲಾಮ ಹೆಣ್ಣನ್ನು ಕೊಲ್ಲಹೊರಟ ಪಾದ್ರಿ ವೀಸಿಯನ್ನು ಇನ್‌ಮನ್ ತಡೆಯುವ ಪ್ರಸಂಗವೂ ಇದೆ. ಆದರೆ ಕಪ್ಪು ಜನರು ಕಥೆಯ ಅಂಚಿನಲ್ಲೇ ಉಳಿದಿದ್ದಾರೆ. ತಾನು ಕೊಂದವರ ನೆನಪಿನಿಂದ ನರಳುವ ಇನ್‌ಮನ್‌ಗೆ, ತಾನು ಯಾವುದರ ಪರವಾಗಿ ಕೊಂದೆನೆಂಬ ಪ್ರಶ್ನೆಯನ್ನು ಚಿತ್ರಕಥೆ ಗಟ್ಟಿಯಾಗಿ ಕೇಳಿಸುವುದಿಲ್ಲ. ಇದು ಬರವಣಿಗೆಯ ಮಿತಿ; ನಟನ ಲೆಕ್ಕಕ್ಕೆ ಇದನ್ನು ಸೇರಿಸಲಾಗದು. ಅಂತೆಯೇ, ನಟನ ಸಂಯಮವನ್ನು ಮೆಚ್ಚುವುದರಿಂದ ಈ ಮಿತಿ ಮುಚ್ಚಿಹೋಗುವುದೂ ಇಲ್ಲ.

೬

ಮೇಲಿನ ವಿವೇಚನೆಯಿಂದ ಹೊರಡುವ ತೀರ್ಮಾನಗಳನ್ನು ಹೀಗೆ ಸಂಗ್ರಹಿಸಬಹುದು. ರೂಪವು ಭೂಮಿಕೆಗೆ ಸಂಬಂಧಿಸಿದ್ದು, ಅಭಿನಯದ ಮೌಲ್ಯಮಾಪನದಲ್ಲಿ ಅದನ್ನು ಗುಣವಾಗಿಯಾಗಲಿ ದೋಷವಾಗಿಯಾಗಲಿ ಎಣಿಸಬಾರದು. ರೂಪವು ನೆರವಿಗೆ ಬಾರದ, ಅಥವಾ ದೃಶ್ಯದ ಉದ್ದೇಶಕ್ಕೆ ಅಡ್ಡಬರುವ ಸಂದರ್ಭಗಳಲ್ಲಿ ನಟನು ಏನು ಮಾಡುತ್ತಾನೆಂಬುದೇ ಅವನ ಪ್ರತಿಭೆಗೆ ನಿಜವಾದ ಒರೆಗಲ್ಲು. ಆ ಒರೆಗಲ್ಲಿನಲ್ಲಿ ಇನ್‌ಮನ್ ಪಾತ್ರದ ಜೂಡ್ ಲಾ ಸಂಯಮದಲ್ಲಿ ಗಟ್ಟಿಯಾಗಿಯೂ ವಾಚಿಕದಲ್ಲಿ ಪರೀಕ್ಷೆಗೊಳಗಾಗದೆಯೂ ಉಳಿದಿದ್ದಾನೆ. ಚಾರಿತ್ರಿಕ ಚಿತ್ರದಲ್ಲಿ ವಿಮರ್ಶಕನ ಹೊಣೆ ಇಮ್ಮಡಿಯಾದುದು: ಮುಖದಿಂದ ಅಭಿನಯವನ್ನು ಬಿಡಿಸಿ ನೋಡಿದಂತೆಯೇ, ಅಭಿನಯದಿಂದ ಹುಟ್ಟುವ ಅನುಕಂಪವನ್ನು ಚರಿತ್ರೆಯ ನ್ಯಾಯದಿಂದ ಬಿಡಿಸಿ ನೋಡುವ ಎಚ್ಚರವನ್ನೂ ಅವನು ಉಳಿಸಿಕೊಳ್ಳಬೇಕಾಗುತ್ತದೆ.