ಮೂಗಿನ ಕೆಳಗೆ ಉಳಿದ ರಾಣಿ

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ ಈ ಹಳದಿ ಕಲ್ಲಿನ ಎತ್ತರ 13 ಸೆಂ.ಮೀ. ಅಷ್ಟೇ. ಕಣ್ಣು, ಮೂಗು, ಹಣೆ ಯಾವುದೂ ಇಲ್ಲ. ಮೇಲ್ದುಟಿಯ ತುಸು ಮೇಲಕ್ಕೇ ಕಲ್ಲು ಸೀಳಿಹೋಗಿದೆ. ಉಳಿದಿರುವುದು ತುಂಬುದುಟಿ, ಗಲ್ಲ, ಕೆನ್ನೆಯ ಒಂದಿಷ್ಟು ಭಾಗ. ಸುಮಾರು 3,350 ವರ್ಷಗಳ ಹಿಂದೆ, ಈಜಿಪ್ಟಿನ ಫೇರೋ ಅಖೆನಾತೆನ್ ಕಾಲದಲ್ಲಿ ಕಡೆದ ರಾಣಿಯೊಬ್ಬಳ ಮುಖವಿದು.

ಕಲ್ಲಿನ ಹೆಸರು ಜ್ಯಾಸ್ಪರ್. ಅದರ ಮೇಲೆ ತಾಮ್ರದ ಉಳಿ ಇಟ್ಟರೆ ಜಾರುತ್ತದೆ, ಕಚ್ಚುವುದಿಲ್ಲ. ಇಂಥ ಗಟ್ಟಿ ಕಲ್ಲನ್ನು ಈಜಿಪ್ಟಿನ ಶಿಲ್ಪಿಗಳು ಬೇರೆ ಕಲ್ಲುಗಳಿಂದ ಕುಟ್ಟಿ, ಮರಳು ಹಾಕಿ ತಿಕ್ಕಿ ತಿಕ್ಕಿಯೇ ರೂಪಕ್ಕೆ ತರುತ್ತಿದ್ದರು. ತುಟಿಗಳ ಅಂಚು ನೋಡಿ: ಗೆರೆ ಎಲ್ಲೂ ತಡವರಿಸಿಲ್ಲ, ಬಾಯಿಯ ಕೊನೆಗಳಲ್ಲಿ ಅದು ಹರಿತವಾಗಿ ಒಳಗೆ ಇಳಿಯುತ್ತದೆ. ಅಲ್ಲಿ ಒಂದು ಕೂದಲೆಳೆಯಷ್ಟು ಹೆಚ್ಚು ಸವೆಸಿದ್ದರೂ ತುಂಬಿಕೊಡುವ ದಾರಿಯಿರಲಿಲ್ಲ. ಅಷ್ಟಾದ ಮೇಲೆ ಕನ್ನಡಿಯಂಥ ಹೊಳಪು ಕೊಟ್ಟಿದ್ದಾರೆ. ಆ ಹೊಳಪು ಇಂದಿಗೂ ಮಾಸಿಲ್ಲ.

ಹಳದಿ ಬಣ್ಣಕ್ಕೂ ಕಾರಣವಿತ್ತು. ಈಜಿಪ್ಟಿನ ಚಿತ್ರಗಳಲ್ಲಿ ಗಂಡಸರ ಮೈಗೆ ಕೆಂಗಂದು, ಹೆಂಗಸರ ಮೈಗೆ ಹಳದಿ ಬಳಿಯುವ ರೂಢಿ. ಇಲ್ಲಿ ಬಣ್ಣ ಬಳಿಯುವ ಬದಲು ಮೈಬಣ್ಣದ ಕಲ್ಲನ್ನೇ ಹುಡುಕಿ ತಂದರು. ಇಡೀ ವಿಗ್ರಹದ ಮುಖ, ಕೈ, ಕಾಲು ಜ್ಯಾಸ್ಪರ್‌ನಲ್ಲಿ ಇದ್ದಿರಬೇಕು. ಉಡುಪಿನ ಭಾಗ ಬಹುಶಃ ಬಿಳಿಯ ಅಲಾಬಾಸ್ಟರ್‌ನಲ್ಲಿ. ಕಿರೀಟವೋ ಕೇಶವೋ ಇನ್ನೊಂದು ವಸ್ತುವಿನಲ್ಲಿ. ಬಿಡಿಬಿಡಿಯಾಗಿ ಕಡೆದು ಕೂಡಿಸುವ ಈ ವಿಧಾನ ಆ ಕಾಲದಲ್ಲಿ ಚಾಲ್ತಿಯಲ್ಲಿತ್ತು. 1912ರಲ್ಲಿ ಅಖೆನಾತೆನ್‌ನ ರಾಜಧಾನಿಯಾಗಿದ್ದ ಅಮರ್ನಾದಲ್ಲಿ ಶಿಲ್ಪಿ ಥುಟ್‌ಮೋಸನ ಕಾರ್ಯಾಗಾರವನ್ನು ಅಗೆದಾಗ, ಕಿರೀಟವನ್ನೂ ದೇಹವನ್ನೂ ಸಿಕ್ಕಿಸಲು ಮೇಲೆ ಕೆಳಗೆ ಗೂಟ ಬಿಟ್ಟು ಕಡೆದ ತಲೆಗಳು ಸಿಕ್ಕವು. ನೆಫರ್‌ಟಿಟಿಯ ಹೆಸರಾಂತ ಪ್ರತಿಮೆ ಸಿಕ್ಕಿದ್ದೂ ಅಲ್ಲೇ.

ಅಖೆನಾತೆನ್ ಸೂರ್ಯಬಿಂಬವಾದ ಅತೆನ್ ಒಬ್ಬನನ್ನೇ ಮೆರೆಸಿ, ಅಮುನ್ ದೇವರ ಹೆಸರನ್ನು ಅಳಿಸಿಹಾಕಿಸಿದವನು. ಅವನು ಸತ್ತ ಮೇಲೆ ಕಾಲ ತಿರುಗಿತು. ಅವನ ಗುಡಿಗಳನ್ನು ಕೆಡವಿದರು, ಅವನ ಮತ್ತು ಅವನ ಮನೆಯವರ ವಿಗ್ರಹಗಳನ್ನು ಒಡೆದುಹಾಕಿದರು. ಈ ರಾಣಿಯ ಮುಖ ಒಡೆದದ್ದೂ ಬಹುಶಃ ಆಗಲೇ.

ಈ ತುಣುಕು ಮುಂದೆ ಲಾರ್ಡ್ ಕಾರ್ನಾರ್ವನ್ ಸಂಗ್ರಹ ಸೇರಿತು. ಫೇರೋ ಟುಟಾಂಖಾಮನ್ ಸಮಾಧಿಯ ಶೋಧಕ್ಕೆ ಹಣ ಹಾಕಿದವನು ಈತನೇ. 1923ರಲ್ಲಿ ಆತ ತೀರಿಕೊಂಡ. 1926ರಲ್ಲಿ ಎಡ್ವರ್ಡ್ ಹಾರ್ಕ್‌ನೆಸ್ ಕೊಟ್ಟ ಹಣದಿಂದ ಮೆಟ್ರೊಪಾಲಿಟನ್ ಅದನ್ನು ಕೊಂಡಿತು.

ರಾಣಿ ಯಾರು? ಅಖೆನಾತೆನ್‌ನ ತಾಯಿ ತಿಯೆ, ಪಟ್ಟದರಸಿ ನೆಫರ್‌ಟಿಟಿ, ಕಿರಿಯ ಪತ್ನಿ ಕಿಯಾ, ಮೂವರ ಹೆಸರೂ ಓಡಾಡಿವೆ. ನೆಫರ್‌ಟಿಟಿ ಎಂದರೆ ಜನ ಮುಗಿಬಿದ್ದು ಬಂದಾರು. ಆದರೂ ಮ್ಯೂಸಿಯಂ ಇದನ್ನು ರಾಣಿಯ ಮುಖದ ತುಣುಕು ಎಂದಷ್ಟೇ ಕರೆಯುತ್ತದೆ. ಒಂದಕ್ಷರದ ಬರಹವೂ ಉಳಿಯದ ಕಲ್ಲಿಗೆ ಅದೇ ಸರಿಯಾದ ಹೆಸರು.