ಕಾಲು ಉಳುಕಿದರೆ ತಿಕ್ಕಬೇಡಿ

ಬಾಸ್ಕೆಟ್‌ಬಾಲ್‌ನಲ್ಲಿ ಚೆಂಡಿಗೆ ಜಿಗಿದ ಆಟಗಾರ ಇಳಿಯುವಾಗ ಇನ್ನೊಬ್ಬನ ಪಾದದ ಮೇಲೆ ಕಾಲಿಡುತ್ತಾನೆ. ಪಾದ ಒಳಕ್ಕೆ ಹೊರಳುತ್ತದೆ. ತಡೆಯಲಾರದ ನೋವು, ನೋಡನೋಡುತ್ತಿದ್ದಂತೆ ಬಾವು. ವಾಲಿಬಾಲ್, ಕಬಡ್ಡಿಗಳಲ್ಲೂ ಇದು ಸಾಮಾನ್ಯ. ಭಟ್ಕಳ, ಹೊನ್ನಾವರ, ಕುಮಟಾ ಕಡೆಯ ಮನೆಗಳಲ್ಲಿ ಆಗ ಮೊದಲು ಹೊರಬರುವುದು ಎಣ್ಣೆ ಬಾಟಲಿ. ಒಳಗೆ ಎಲುಬು ಮುರಿದಿದ್ದರೆ, ತಿಕ್ಕಿದಾಗ ಅದು ಇನ್ನಷ್ಟು ಸರಿಯಬಹುದು.

ಉಳುಕೋ, ಮುರಿತವೋ?

ಪಾದವೂ ಕಣಕಾಲೂ ಸೇರುವ ಹರಡಿನ ಕೀಲನ್ನು ಲಿಗಮೆಂಟ್ ಎಂಬ ಗಟ್ಟಿ ಪಟ್ಟಿಗಳು ಹಿಡಿದಿಟ್ಟಿವೆ. ಪಾದ ಒಳಕ್ಕೆ ಹೊರಳಿದಾಗ ಹೊರಬದಿಯ ಪಟ್ಟಿಗಳು ಹಿಗ್ಗುತ್ತವೆ ಅಥವಾ ಹರಿಯುತ್ತವೆ. ಇದೇ ಉಳುಕು. ಪೆಟ್ಟು ಜೋರಾಗಿದ್ದರೆ ಎಲುಬೇ ಮುರಿಯುತ್ತದೆ. ಬಾವು ನೋಡಿ ಇವೆರಡನ್ನು ಬೇರ್ಪಡಿಸಲಾಗದು.

1992ರಲ್ಲಿ ಕೆನಡಾದ ಒಟಾವಾ ನಗರದ ವೈದ್ಯರು ಇದಕ್ಕೊಂದು ಸರಳ ಪರೀಕ್ಷೆ ರೂಪಿಸಿದರು. ಹರಡಿನ ಬಳಿ ನೋವಿದ್ದು, ನಾಲ್ಕು ಹೆಜ್ಜೆ ಊರಿ ನಡೆಯಲಾಗದಿದ್ದರೆ, ಇಲ್ಲವೇ ಒಳ ಅಥವಾ ಹೊರ ಗಂಟಿನ ಎಲುಬನ್ನು ಒತ್ತಿದಾಗ ನೋವಾದರೆ, ಎಕ್ಸ್‌-ರೇ ಅಗತ್ಯ. ಬೆಳೆಯುವ ಮಕ್ಕಳಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು.

ತಕ್ಷಣ ಏನು ಮಾಡಬೇಕು?

ಆಟ ನಿಲ್ಲಿಸಿ, ಕಾಲನ್ನು ದಿಂಬಿನ ಮೇಲೆ ಎತ್ತಿಡಿ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಡಿ. ಬರಿ ಚರ್ಮಕ್ಕೆ ತಾಗಿಸಬೇಡಿ. ಮೊದಲ ಎರಡು ದಿನ ಬಿಸಿ ಶಾಖ, ಮಾಲೀಸು ಬೇಡ.

ಪಾದ ಸೊಟ್ಟಗಾಗಿದ್ದರೆ, ಬೆರಳುಗಳು ಬಿಳಚಿ ತಣ್ಣಗಾದರೆ, ಮರಗಟ್ಟಿದರೆ ಅಥವಾ ಗಾಯದಲ್ಲಿ ಎಲುಬು ಕಂಡರೆ ಅದು ತುರ್ತುಸ್ಥಿತಿ. ಕಾಲನ್ನು ಎಳೆದು ನೇರ ಮಾಡಹೋಗಬೇಡಿ. ಮಡಚಿದ ವೃತ್ತಪತ್ರಿಕೆ ಅಥವಾ ರಟ್ಟನ್ನು ಎರಡೂ ಬದಿಗಿಟ್ಟು ಸಡಿಲವಾಗಿ ಕಟ್ಟಿ, 108ಕ್ಕೆ ಕರೆ ಮಾಡಿ. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಊಟ ಕೊಡಬೇಡಿ. ಭಟ್ಕಳದಿಂದ ಮಣಿಪಾಲ ಸುಮಾರು 90 ಕಿ.ಮೀ. ದೂರ. ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋದರೆ, ರಕ್ತಸಂಚಾರ ಪರೀಕ್ಷಿಸಿ, ಕಾಲನ್ನು ಸರಿಯಾಗಿ ಕಟ್ಟಿ, ಅಗತ್ಯವಿದ್ದರೆ ಮುಂದೆ ಕಳಿಸುತ್ತಾರೆ.

ಚಿಕಿತ್ಸೆ

ಲಿಗಮೆಂಟ್ ಪೂರ್ತಿ ಹರಿದರೂ ಬಹುತೇಕರಿಗೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ಕೆಲವು ದಿನ ಪ್ಲಾಸ್ಟರ್ ಅಥವಾ ಪಟ್ಟಿ, ಬಳಿಕ ವ್ಯಾಯಾಮ ಸಾಕು. ಎಲುಬು ಮುರಿದರೂ ಜಾಗ ಬಿಟ್ಟಿಲ್ಲವಾದರೆ ಸುಮಾರು ಆರು ವಾರ ಪ್ಲಾಸ್ಟರ್. ಸರಿದಿದ್ದರೆ ಸಾಮಾನ್ಯವಾಗಿ ಪ್ಲೇಟ್, ಸ್ಕ್ರೂ ಹಾಕಿ ಜೋಡಿಸುತ್ತಾರೆ. ಪ್ಲಾಸ್ಟರ್ ಹಾಕಿದ ಮೇಲೆ ಬೆರಳು ನೀಲಿಗಟ್ಟಿದರೆ ಅಥವಾ ನೋವು ಏರುತ್ತಲೇ ಹೋದರೆ, ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಮರಳಿ.

ನೋವು ಹೋದೊಡನೆ ಅಂಗಣಕ್ಕಿಳಿಯುವುದೇ ಹೆಚ್ಚಿನ ಮಕ್ಕಳ ತಪ್ಪು. ಒಮ್ಮೆ ಉಳುಕಿದ ಕಾಲು ಮತ್ತೆ ಉಳುಕುವ ಸಂಭವ ಹೆಚ್ಚು. ದಿನವೂ ಗೋಡೆಯ ಪಕ್ಕ ಒಂಟಿಕಾಲಲ್ಲಿ ಅರ್ಧ ನಿಮಿಷ ನಿಲ್ಲುವ ಅಭ್ಯಾಸ ಮಾಡಿಸಿ. ಪೆಟ್ಟಾದ ಕಾಲಿನಲ್ಲೇ ನೋವಿಲ್ಲದೆ ಕುಂಟಲು, ಓಡಿ ಥಟ್ಟನೆ ತಿರುಗಲು ಬಂದ ಮೇಲೆ, ವೈದ್ಯರನ್ನು ಕೇಳಿ ಆಟಕ್ಕೆ ಕಳಿಸಿ.